ಹಳೆಯ ಇಂಜಿನಿನ ಜೀರ್ಣೋದ್ಧಾರ

ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನಿಗೆ ಲಾರಿಯ ಇಂಜಿನಿನ ಗೊಡವೆಯೇಕೆಂದು ವಾಚಕರು ಕೇಳಬಹುದು. ಮೈಸೂರಿನಿಂದ ಕೃಷ್ಣರಾಜಸಾಗರಕ್ಕೆ ಹೋಗುವ ದಾರಿಯಲ್ಲಿರುವ ಮೇಟಗಳ್ಳಿಯ ನಿವಾಸಿಗಳಿಗೆ ಆ ಗೊಡವೆ ತಪ್ಪಿದ್ದಲ್ಲ. ಹಿಂದೆ ಹಳ್ಳಿಯಾಗಿದ್ದ ಈ ಸ್ಥಳವು ಈಗ ಟೈರಿನ ಕಾರ್ಖಾನೆ, ನೋಟಿನ ಮುದ್ರಣಾಲಯ ಮೊದಲಾದವುಗಳ ನೆಲೆ. ಲಾರಿಗಳಿಂದಲೇ ಜೀವಿಸುವವರು ನನ್ನ ಶಿಷ್ಯರಲ್ಲಿಯೂ ಇದ್ದಾರೆ.

ಅವರಲ್ಲೊಬ್ಬನು ತನ್ನ ತಂದೆಯ ಕಾಲದ ಟಾಟಾ ೧೨೧೦ ಲಾರಿಯ ಇಂಜಿನನ್ನು ಕಳೆದ ವರ್ಷ ಬಿಚ್ಚಿಸಿದನು. ಲಾರಿ ನಿಂತರೆ ಮನೆಯ ಸಂಪಾದನೆ ನಿಂತಂತೆ. ಕೈಯಲ್ಲಿದ್ದ ಹಣವೋ ತಂಗಿಯ ಮದುವೆಗೆಂದು ಕೂಡಿಟ್ಟದ್ದು. “ಮೇಷ್ಟ್ರೇ, ವಾಲ್ವಿನ ಭಾಗಗಳನ್ನೆಲ್ಲ ಹೆಚ್ಚು ಬಲದವನ್ನೇ ಹಾಕಿಸು ಎಂದು ಅಂಗಡಿಯವರು ಹೇಳುತ್ತಾರೆ. ಮೇಸ್ತ್ರಿಗಳು ಬೇಡವೆನ್ನುತ್ತಾರೆ. ತಾವು ಬಂದು ಇಬ್ಬರ ಮಾತನ್ನೂ ಕೇಳಬೇಕು” ಎಂದನು. ಯಂತ್ರವನ್ನು ಬಲ್ಲವನೆಂದು ಆತನು ನನ್ನನ್ನು ಕರೆಯಲಿಲ್ಲ; ಹಣದ ವಿಚಾರದಲ್ಲಿ ಮಾತುಗಳನ್ನು ತೂಗಿನೋಡುವ ಹಿರಿಯನೊಬ್ಬನು ಬೇಕಾಗಿದ್ದನು.

ಜರ್ಮನಿಯ ಡೈಮ್ಲರ್-ಬೆಂಜ್ ಕಂಪೆನಿಯ ಸಹಕಾರದಿಂದ ಟಾಟಾದವರು ಜಮ್ಷೆಡ್‌ಪುರದಲ್ಲಿ ಲಾರಿ ಕಟ್ಟಲು ತೊಡಗಿದುದು ೧೯೫೪ರಲ್ಲಿ; ಆ ಸಹಕಾರವು ೧೯೬೯ರಲ್ಲಿ ಮುಗಿಯಿತು. ಶಿಷ್ಯನ ಲಾರಿಯದು ೬೯೭ ಎಂಬ ಡೀಸೆಲ್ ಇಂಜಿನು: ಆರು ಸಿಲಿಂಡರು, ೫,೬೭೫ ಘನ ಸೆಂಟಿಮೀಟರು. ಒಂದೊಂದು ಸಿಲಿಂಡರಿಗೂ ಎರಡೆರಡು ಕವಾಟಗಳು, ಕೆಲಸಗಾರರ ಮಾತಿನಲ್ಲಿ ವಾಲ್ವುಗಳು. ಒಂದು ಗಾಳಿಯನ್ನು ಒಳಗೆ ಬಿಡುವುದು, ಇನ್ನೊಂದು ಹೊಗೆಯನ್ನು ಹೊರದೂಡುವುದು, ಪ್ರಾಣಾಪಾನಗಳೆಂದರೂ ಸಲ್ಲುವುದು. ಕ್ಯಾಂಶಾಫ್ಟಿನ ಉಬ್ಬು ಟ್ಯಾಪೆಟ್ಟನ್ನು ಎತ್ತುವುದು, ಟ್ಯಾಪೆಟ್ಟು ಪುಷ್‌ರಾಡನ್ನು, ಪುಷ್‌ರಾಡು ರಾಕರನ್ನು. ರಾಕರು ಕವಾಟವನ್ನೊತ್ತಿ ತೆರೆಯುವುದು. ಮುಚ್ಚುವ ಕೆಲಸ ಸ್ಪ್ರಿಂಗಿನದು. ಇಂಜಿನು ನಿಮಿಷಕ್ಕೆ ೨,೦೦೦ ಸುತ್ತು ತಿರುಗಿದರೆ ಪ್ರತಿಯೊಂದು ಕವಾಟವೂ ೧,೦೦೦ ಬಾರಿ ತೆರೆದು ಮುಚ್ಚುವುದು. ಅದೇ ವೇಗದಲ್ಲಿ ಎಂಟು ಗಂಟೆ ಓಡಿದರೆ ಲೆಕ್ಕವು ೪,೮೦,೦೦೦ಕ್ಕೆ ಮುಟ್ಟುವುದು.

ಇವುಗಳಲ್ಲಿ ಅತಿಯಾಗಿ ಬೇಯುವುದು ಹೊಗೆಯ ಕವಾಟ. ದುಡಿಯುವಾಗ ಅದರ ತಲೆಯು ಸುಮಾರು ೭೦೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯುವುದುಂಟು. ಆ ಶಾಖದ ಬಹುಭಾಗವು, ಕವಾಟವು ತನ್ನ ಪೀಠದ ಮೇಲೆ ಕುಳಿತಾಗ, ಆ ಪೀಠದ ಮೂಲಕವೇ ಇಳಿದುಹೋಗಬೇಕು. ಪೀಠ ಸವೆದರೆ ಕವಾಟವು ಮೇಲಕ್ಕೆ ಸರಿದು ರಾಕರಿಗೆ ತಾಗುವುದು, ನಡುವಣ ಅಂತರ ಅಡಗುವುದು. ಬಾಗಿಲು ಪೂರ್ತಿ ಮುಚ್ಚದೆ, ಸಂದಿನಲ್ಲಿ ನುಗ್ಗುವ ಜ್ವಾಲೆಯು ಅದರ ಅಂಚನ್ನು ಸುಡುವುದು. “ಸದ್ದು ಮಾಡುವ ಟ್ಯಾಪೆಟ್ಟಿಗೆ ನಾನು ಹೆದರುವುದಿಲ್ಲ ಸ್ವಾಮಿ, ಸದ್ದಡಗಿದ್ದಕ್ಕೆ ಹೆದರುತ್ತೇನೆ” ಎಂದರು ಮೇಸ್ತ್ರಿಗಳು. ಬಿಚ್ಚಿಟ್ಟ ಕವಾಟಗಳಲ್ಲಿ ಎರಡರ ಅಂಚು ಹಾಗೆಯೇ ಸುಟ್ಟಿತ್ತು.

ಆದುದರಿಂದ ಇಲ್ಲಿ ಮೊದಲಿಗಿಂತ ಮೇಲಾದ ಲೋಹವನ್ನು ಬಳಸುವುದು ದುಂದಲ್ಲವೆಂದು ಮೇಸ್ತ್ರಿಗಳ ಮತ. ಪೀಠಕ್ಕೆ ಗಡುಸಾದ ಬಳೆ. ಕವಾಟದ ಅಂಚಿಗೆ ಸ್ಟೆಲೈಟಿನ ಲೇಪ. ಅಮೆರಿಕದ ಎಲ್‌ವುಡ್ ಹೇನ್ಸ್ ಎಂಬಾತನು ೧೯೦೭ರಲ್ಲಿ ಪೇಟೆಂಟು ಪಡೆದ ಕೋಬಾಲ್ಟು-ಕ್ರೋಮಿಯಂ ಮಿಶ್ರಲೋಹದ ಕುಲಕ್ಕೆ ಸೇರಿದ್ದು ಇದು. ಕೆಂಪಗೆ ಕಾದರೂ ತನ್ನ ಗಡಸುತನವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುವುದು. ಪೆಟ್ರೋಲಿನ ಹಳೆಯ ವಾಹನಗಳಿಗಂತೂ ಇಂಥ ಮೇಲ್ಪಾಟು ಅನಿವಾರ್ಯವಾಗಿದೆ. ಅವುಗಳಲ್ಲಿ ಅನೇಕಕ್ಕೆ ಪೀಠವನ್ನು ಎರಕದ ಕಬ್ಬಿಣದಲ್ಲಿಯೇ ಕಡೆದಿದ್ದರು. ಪೆಟ್ರೋಲಿನಲ್ಲಿ ಬೆರೆತಿದ್ದ ಸೀಸವು ಅದರ ಮೇಲೆ ತೆಳ್ಳನೆಯ ಪೊರೆಯಾಗಿ ನಿಂತು ಸವೆತವನ್ನು ತಡೆಯುತ್ತಿತ್ತು. ಜನರ ಆರೋಗ್ಯಕ್ಕೆ ವಿಷವಾದ ಆ ಸೀಸವನ್ನು ೨೦೦೦ದ ಫೆಬ್ರವರಿಯಿಂದ ದೇಶದಾದ್ಯಂತ ಬಿಡಿಸಿದ ಮೇಲೆ, ಗಡುಸು ಪೀಠವೇ ಆ ಇಂಜಿನುಗಳಿಗೆ ರಕ್ಷೆ.

ಸ್ಪ್ರಿಂಗಿನ ಮಾತು ಬೇರೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ತಪ್ಪು ಗೇರಿನಲ್ಲಿದ್ದರೆ ಚಕ್ರಗಳೇ ಇಂಜಿನನ್ನು ಮಿತಿಮೀರಿ ತಿರುಗಿಸುವುವು. ಗವರ್ನರು ಡೀಸೆಲನ್ನು ತಡೆಯಬಲ್ಲದು, ಚಕ್ರಗಳನ್ನು ತಡೆಯಲಾರದು. ಆಗ ಸೋತ ಸ್ಪ್ರಿಂಗು ಕವಾಟವನ್ನು ಹೊತ್ತಿಗೆ ಸರಿಯಾಗಿ ಮುಚ್ಚದೆ, ಪಿಸ್ಟನ್ನು ಬಂದು ಅದಕ್ಕೆ ಬಡಿಯಬಹುದು. ಅಂಗಡಿಯವರ ವಾದ ಇದೇ, ಅದರಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಬಲವಾದ ಸ್ಪ್ರಿಂಗು ತನ್ನ ಬಲವನ್ನು ಘಟ್ಟದ ಇಳಿಜಾರಿಗೆಂದು ಮೀಸಲಿಡುವುದಿಲ್ಲ. ಪ್ರತಿ ಸುತ್ತಿನಲ್ಲಿಯೂ ಕ್ಯಾಮಿನ ಉಬ್ಬನ್ನು, ಟ್ಯಾಪೆಟ್ಟಿನ ಮುಖವನ್ನು, ರಾಕರಿನ ಬುಷ್ಷನ್ನು ಒತ್ತುತ್ತಲೇ ಇರುವುದು. ಆಗ ಅವನ್ನೂ ಬದಲಿಸಬೇಕು. ಖರ್ಚು ಒಂದಕ್ಕೆ ನಾಲ್ಕಾಗುವುದು. ನಿಮಿಷಕ್ಕೆ ೩,೦೦೦ ಸುತ್ತನ್ನೂ ಮುಟ್ಟದಂತೆ ಕಟ್ಟಿದ ಇಂಜಿನಿಗೆ, ನಿಗದಿಯಾದ ಬಲದ ಹೊಸ ಸ್ಪ್ರಿಂಗೇ ಸಾಕು. ಉಳಿದುದು ಚಾಲಕನ ವಿವೇಕ.

ಇದನ್ನು ಕೇಳುತ್ತಿದ್ದಾಗ ನಮ್ಮ ಶಿಲ್ಪಶಾಸ್ತ್ರದ ಜೀರ್ಣೋದ್ಧಾರ ಪ್ರಕರಣವು ನನ್ನ ನೆನಪಿಗೆ ಬಂದಿತು. ಹಳೆಯ ಗುಡಿಯನ್ನು ಎತ್ತಿಕಟ್ಟುವಾಗ ದ್ರವ್ಯವು ಮೊದಲಿನದಕ್ಕೆ ಸಮನಾಗಿರಬೇಕು, ಇಲ್ಲವೆ ಮೇಲಾಗಿರಬೇಕು. ಪ್ರಮಾಣವನ್ನು ಮಾತ್ರ ಮನಬಂದಂತೆ ಕೆಡಿಸಲಾಗದೆಂದು ಅದರ ತಾತ್ಪರ್ಯ. ಇಂಜಿನಿನಲ್ಲಿ ಲೋಹವು ದ್ರವ್ಯ. ಸ್ಪ್ರಿಂಗಿನ ಬಲವೂ ಕ್ಯಾಮಿನ ಎತ್ತರವೂ ಪ್ರಮಾಣ. ಮೊದಲನೆಯದನ್ನು ಮೇಲ್ಮಾಡಿದರೆ ಆಯುಸ್ಸು ಹೆಚ್ಚುವುದು. ಎರಡನೆಯದನ್ನು ಕದಲಿಸಿದರೆ ಒಂದರ ಬಲವು ಇನ್ನೊಂದರ ಸವೆತವಾಗುವುದು.

ಶಿಷ್ಯನಿಗೆ ಇದನ್ನೇ ಹೇಳಿದೆನು. ಹೊಸ ಪೀಠ, ಸ್ಟೆಲೈಟಿನ ಕವಾಟ, ಹೊಸ ಗೈಡುಗಳು, ಮೊದಲಿನ ಬಲದ ಸ್ಪ್ರಿಂಗುಗಳು, ಇಷ್ಟಕ್ಕೆ ಆತನು ಒಪ್ಪಿದನು. ಉಳಿದ ಹಣದಲ್ಲಿ ಸವೆದ ಆಯಿಲ್ ಪಂಪನ್ನು ಬದಲಿಸಲು ಮೇಸ್ತ್ರಿಗಳು ಹೇಳಿದರು. ಎಣ್ಣೆಯೇರದ ರಾಕರಿಗೆ ಎಂಥ ಲೋಹವಿದ್ದೂ ಪ್ರಯೋಜನವಿಲ್ಲವಷ್ಟೆ. ಮದುವೆಯ ಗಂಟಿಗೆ ಆತನು ಕೈಹಾಕಲಿಲ್ಲ. ಮೊದಲ ಓಟ ಮುಗಿಸಿ ಬಂದಾಗ ಮೇಸ್ತ್ರಿಗಳು ಬಾಡಿಗೆಯ ವಿಷಯವನ್ನು ಕೇಳಲಿಲ್ಲ. ಇಂಜಿನು ತಣ್ಣಗಾಗುವವರೆಗೆ ಕಾದು, ಮುಚ್ಚಳ ತೆಗೆದು, ಹನ್ನೆರಡು ಕವಾಟಗಳ ಅಂತರವನ್ನೂ ಒಂದೊಂದಾಗಿ ಅಳೆದು ನೋಡಿದರು.