'ಬ'ಕಾರದ ಬೆನ್ನು ಹತ್ತಿ

'ಬ' ಎಂದರೆ ಬಸವ. ಸ್ಲೇಟಿನ ಮೇಲೆ ತಿದ್ದಿದ ಈ ಪಾಠವನ್ನು ನಮ್ಮ ತಲೆಮಾರಿನವರು ಮರೆತಿರಲಾರರು. ಪುಸ್ತಕದ ಬಸವನನ್ನು ಬಿಟ್ಟರೂ ಕನ್ನಡಿಗರ ಹಟ್ಟಿ-ಕೊಟ್ಟಿಗೆಗಳಲ್ಲಿ 'ಬ'ಕಾರದ ಬಳಗ ಸಣ್ಣದೇನಲ್ಲ. ಬಳ್ಳಾರಿ ಕುರಿ, ಬಂಡೂರು ಕುರಿ, ಬರಗೂರು ದನ. ಮೂರೂ ಊರಿನ ಹೆಸರು ಹೊತ್ತ ತಳಿಗಳೇ. ಬಳ್ಳಾರಿಯ ಕುರಿ ಕಂಬಳಿಗೆ ಒರಟು ಉಣ್ಣೆ ಕೊಟ್ಟು, ಕುರುಬರ ಹಿಂದೆ ಊರೂರು ಅಲೆದು, ಹೊಲದಲ್ಲಿ ತಂಗಿ ಗೊಬ್ಬರವನ್ನೂ ಕೊಡುವಂಥದು. ಅದರ ದಾರಿ ಬಯಲುಸೀಮೆಯದು, ಇನ್ನೊಮ್ಮೆ ನೋಡಿದರಾಯಿತು. ಉಳಿದೆರಡು ಒಂದೇ ದಾರಿಗೆ ಸಿಗುತ್ತವೆಂದು ಒಂದು ಮುಂಜಾನೆ ಗೆಳೆಯನೊಡನೆ ಮೈಸೂರು ಬಿಟ್ಟೆ.

ಮೊದಲು ಸಿಕ್ಕಿದ್ದು ಬನ್ನೂರು. ಅದೂ 'ಬ'ಕಾರವೇ. ಹೊರಗಿನವರ ಬಾಯಲ್ಲಿ ಈ ಕುರಿ 'ಬನ್ನೂರು ಕುರಿ'. ಮಾಂಸದಂಗಡಿಯ ಫಲಕಗಳಲ್ಲೂ ಬನ್ನೂರಿನದೇ ಹೆಸರು. ಆದರೆ ಬನ್ನೂರು ಇರುವುದು ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನಲ್ಲಿ, ಬಂಡೂರು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಹಳ್ಳಿ. 'ಹೆಸ್ರು ಬನ್ನೂರ್ದು, ಮರಿ ನಮ್ದು ಸಾ' ಎಂದು ಮಳವಳ್ಳಿ ಕಡೆಯ ರೈತರೊಬ್ಬರು ನಕ್ಕರು. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ದೇಶದ ಪಶುತಳಿಗಳನ್ನು ನೋಂದಾಯಿಸುವ ಕರ್ನಾಲಿನ ಕೇಂದ್ರ ಸಂಸ್ಥೆಯ ಪಟ್ಟಿಯಲ್ಲಿ ಇದು 'ಮಂಡ್ಯ' ಕುರಿ! ಸರಕಾರಿ ಕಾಗದದ ಮೇಲೆ ಪಾಪ 'ಮ'ಕಾರಕ್ಕೆ ಜಾರಿದೆ.

ಕುರಿ ಮಾತ್ರ ಯಾವ ಹೆಸರಿಗೂ ತಲೆ ಕೆಡಿಸಿಕೊಂಡಿಲ್ಲ. ಕೊಂಬಿಲ್ಲದ ತಲೆ, ಗಿಡ್ಡ ಕಾಲು, ತುಂಬಿದ ಬಿಳಿ ಮೈ. ಕೆಲವಕ್ಕೆ ಮುಖದಲ್ಲಿ ಕಂದು ಬಣ್ಣ. ಹಿಂದೆ ನಿಂತು ನೋಡಿದರೆ ತೊಡೆಗಳ ನಡುವೆ ಇಂಗ್ಲಿಷಿನ 'ಯು' ಅಕ್ಷರವನ್ನು ತಲೆಕೆಳಗು ಮಾಡಿಟ್ಟಂತೆ ಕಾಣುತ್ತದೆ. ತಳಿ ಅಪ್ಪಟವೋ ಬೆರಕೆಯೋ ಎಂದು ಬಲ್ಲವರು ನೋಡುವುದೇ ಅಲ್ಲಿ. ಮಾಂಸದ ಎಳೆಗಳ ನಡುವೆಯೇ ಕೊಬ್ಬು ಸೇರಿರುವುದರಿಂದ ರುಚಿಗೆ ಎತ್ತಿದ ಕೈ. ಒಳ್ಳೆಯ ಟಗರಿನ ಬೆಲೆ ಲಕ್ಷ ರೂಪಾಯಿ ದಾಟಿದ್ದೂ ಉಂಟು. ಆದರೆ ರುಚಿಯ ಖ್ಯಾತಿಯೇ ಅದಕ್ಕೆ ಮುಳುವೂ ಹೌದು. ಬೇಗ ತೂಕ ಬರಲೆಂದು ಬೇರೆ ಟಗರು ಬಿಟ್ಟು ಹುಟ್ಟಿಸಿದ ಮರಿಯೂ ಸಂತೆಯಲ್ಲಿ ಅದೇ ಹೆಸರಿಗೆ ಮಾರಾಟವಾಗುತ್ತದೆ.

ಮಳವಳ್ಳಿಯಿಂದ ಕೊಳ್ಳೇಗಾಲ, ಹನೂರು, ರಾಮಾಪುರ. ಗರಿಕೆಕಂಡಿಯಲ್ಲಿ ರಾಜ್ಯದ ಗಡಿ ಮುಗಿದು, ರಸ್ತೆ ಕಾಡಿನ ನಡುವೆ ತಮಿಳುನಾಡಿನೊಳಕ್ಕೆ ತಿರುಗುತ್ತದೆ. ನಾವು ಹೋಗುತ್ತಿದ್ದುದು ಶಿರಾ ತಾಲ್ಲೂಕಿನ ಬರಗೂರಿಗಲ್ಲ, ಈರೋಡು ಜಿಲ್ಲೆಯ ಅಂದಿಯೂರು ತಾಲ್ಲೂಕಿನ ಬೆಟ್ಟದ ಬರಗೂರಿಗೆ. ಬೋರ್ಡುಗಳೆಲ್ಲ ತಮಿಳು, ದನ ಸಾಕುವವರ ಮನೆಮಾತು ಕನ್ನಡ. ತಲೆಮಾರುಗಳಿಂದ ಈ ಬೆಟ್ಟದಲ್ಲಿ ದನ ಸಾಕಿಕೊಂಡು ಬಂದ ಲಿಂಗಾಯತರು ಇವರು.

ಸಂಜೆಯ ಹೊತ್ತಿಗೆ ದನ ಬಂದವು. ಕೆಂಗಂದು ಮೈಯ ಮೇಲೆ ಸುಣ್ಣ ಎರಚಿದಂತೆ ಬಿಳಿ ಮಚ್ಚೆ, ಒಂದರಂತೆ ಒಂದಿಲ್ಲ. ಮಧ್ಯಮ ಗಾತ್ರ, ಚುರುಕು ಕಾಲು, ಅಪರಿಚಿತರನ್ನು ಕಂಡರೆ ಬುಸುಗುಟ್ಟುವ ಸ್ವಭಾವ. ಗೆಳೆಯ ಕ್ಯಾಮೆರಾ ಎತ್ತಿದ್ದೇ ತಡ, ಹಸುವೊಂದು ಕೊಂಬು ಬಗ್ಗಿಸಿತು, ಅವನು ಬೇಲಿಯಾಚೆಗಿದ್ದ! ಹಾಲು ಕಡಿಮೆ. ಓಟಕ್ಕೆ, ಕಡಿದಾದ ದಾರಿಯಲ್ಲಿ ಬಂಡಿ-ನೇಗಿಲಿನ ದುಡಿಮೆಗೆ ಹೆಸರಾದ ತಳಿ. ಕಾಡಿನ ನಡುವೆ ಮುಳ್ಳುಬೇಲಿಯ 'ಪಟ್ಟಿ'ಗಳಲ್ಲಿ ರಾತ್ರಿ ಕೂಡಿ, ಹಗಲು ಕಾಡಿಗೆ ಬಿಟ್ಟು ಬೆಳೆಸುವುದು ಇಲ್ಲಿನ ಪದ್ಧತಿ. ಪಟ್ಟಿಯ ಗೊಬ್ಬರವೇ ಒಂದು ಆದಾಯ.

ಆ ಕಾಡೇ ಈಗ ಪ್ರಶ್ನೆಯಾಗಿದೆ. 2022ರ ಮಾರ್ಚಿನಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡಿನ ಕಾಡುಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಿತು. ಅದೇ ತಿಂಗಳು ಆದೇಶವನ್ನು ಸಡಿಲಿಸಿ, ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಮೀಸಲು ಪ್ರದೇಶಗಳಿಗೆ ಸೀಮಿತಗೊಳಿಸಿತು. ಬರಗೂರಿನವರು ನಿಟ್ಟುಸಿರು ಬಿಟ್ಟರು. ಆದರೆ 2024ರಲ್ಲಿ ಇದೇ ಕಾಡು ತಂದೆ ಪೆರಿಯಾರ್ ವನ್ಯಜೀವಿ ಅಭಯಾರಣ್ಯವಾಯಿತು. ಹುಲಿ, ಆನೆಗೂ ಜಾಗ ಬೇಕು, ನಿಜ. ಅದೇ ಜಾಗದಲ್ಲಿ ರೂಪುಗೊಂಡ ದನಕ್ಕೆ?

'ಕಟ್ಟಿ ಮೇಯಿಸಬಹುದಲ್ಲ ಯಜಮಾನರೆ?' ಎಂದು ಪಟ್ಟಿಯ ಬಳಿ ಕೂತಿದ್ದ ಹಿರಿಯರನ್ನು ಕೇಳಿದೆ. ಅವರು ತಕ್ಷಣ ಉತ್ತರಿಸಲಿಲ್ಲ. ಎಲೆ ಅಡಿಕೆ ಉಗಿದು ಬಂದು, 'ಬುದ್ದಿ, ಕಟ್ಟಿದ್ರೆ ಹುಲ್ಲು ತಿಂದಾತು. ಬೆಟ್ಟ ಹತ್ತೋದು ಮರ್ತೋಯ್ತದೆ. ಆಮ್ಯಾಕೆ ಇದು ಯಾವೂರ ದನ?' ಎಂದರು.

ಬರಗೂರಿನಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರವಿದೆ. ಆಡಿ ಮಾಸದಲ್ಲಿ ಅಂದಿಯೂರಿನ ಗುರುನಾಥಸ್ವಾಮಿ ಜಾತ್ರೆಯ ದನಗಳ ಸಂತೆಯಲ್ಲೂ ಈ ಮಚ್ಚೆಯ ದನಗಳನ್ನು ನೋಡಬಹುದು. ಕೇಂದ್ರದಲ್ಲಿ ತಳಿಯನ್ನು ಕಾಪಿಡಬಹುದು, ಸಂತೆಯಲ್ಲಿ ಮಾರಬಹುದು. ಬೆಟ್ಟ ಹತ್ತಿಸಿ ಕಲಿಸುವ ಕೆಲಸ ಮಾತ್ರ ಪಟ್ಟಿಯವರದೇ.

ಕತ್ತಲಾಗುತ್ತಿದ್ದಂತೆ ನಾವು ಹೊರಟೆವು. ಹಿರಿಯರು ಬೇಲಿಗೆ ಮುಳ್ಳುಕೊಂಬೆ ಎಳೆದು ಪಟ್ಟಿಯ ಬಾಯಿ ಮುಚ್ಚಿದರು. ಒಳಗಿನಿಂದ ಕರುವೊಂದು ಕೂಗಿತು. ಅವರು ಕನ್ನಡದಲ್ಲೇ ಅದನ್ನು ಗದರಿದರು.