ಜೋಡಿಯಾಗಿಯೇ ಬದಲಿಸಿದೆವು

ವೃದ್ಧ ತಾಯಿಯವರಿಗೆ ರಟ್ಟೀಹಳ್ಳಿಯ ಕದಂಬೇಶ್ವರನ ದರ್ಶನ ಮಾಡಿಸಿ ಹಿರೇಕೆರೂರಿನತ್ತ ಮರಳುತ್ತಿದ್ದೆವು. ಎತ್ತಿನ ಬಂಡಿಯೊಂದು ಅಡ್ಡ ಬಂದಿತು. ಬ್ರೇಕ್ ಒತ್ತಿದರೂ ನಮ್ಮ ಹಳೆಯ ಕಾರು ಕುಣಿಯುತ್ತ ಸಾಗಿ, ಬಂಡಿಗೆ ಮೊಳದಷ್ಟು ದೂರದಲ್ಲಿ ನಿಂತಿತು. ತಾಯಿಯವರು "ಶಿವಾ!" ಎಂದು ಕಣ್ಣು ಮುಚ್ಚಿದರು.

ಮುಂದಿನ ಎಡಗಾಲಿಯ ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರಿದ್ದನ್ನು ಗ್ಯಾರೇಜಿನ ಮೇಸ್ತ್ರಿಯವರು ತೋರಿಸಿದರು. ಒಂದನ್ನೇ ಬದಲಿಸಿದರೆ ಸಾಕೆಂಬುದು ನಮ್ಮ ಲೆಕ್ಕವಾಗಿತ್ತು.

"ಒಂದ ಹಾಕಬ್ಯಾಡ್ರಿ, ಜೋಡೀನ ಹಾಕಸ್ರಿ" ಎಂದರವರು.

ಭಾರ ಹೊರುವುದು ಸ್ಪ್ರಿಂಗು. ಅದರ ಕುಣಿತವನ್ನು ತಣಿಸುವುದು ಶಾಕ್ ಅಬ್ಸಾರ್ಬರು. ಪಿಸ್ಟನ್ನಿನ ಸಣ್ಣ ರಂಧ್ರಗಳಲ್ಲಿ ಎಣ್ಣೆ ನುಸುಳುವಾಗ ಪೆಟ್ಟಿನ ಶಕ್ತಿ ಶಾಖವಾಗಿ ಕರಗುತ್ತದೆ. ಅದು ಸೋತರೆ ಗಾಲಿಗೆ ನೆಲದ ಹಿಡಿತ ತಪ್ಪಿ, ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಒಂದು ಹೊಸದು, ಒಂದು ಹಳೆಯದಾದರೆ ಎರಡು ಬದಿಗಳು ಸಮನಾಗಿ ನಡೆಯವು.

ಗ್ಯಾಸ್ ತುಂಬಿದ ಬಿರುಸಿನವು ಬೇಡವೇ ಎಂದು ಕೇಳಿದೆವು. ನಿತ್ಯದ ಓಡಾಟಕ್ಕೂ ಹಿರಿಯರ ಬೆನ್ನಿಗೂ ಕಾರಿನ ಮೂಲ ಅಳತೆಯವೇ ಒಳಿತೆಂದರು. ಅಂತೆಯೇ ಹಾಕಿಸಿದೆವು.

ಬಾಳಿನಲ್ಲಿ ಪೆಟ್ಟು ಯಾರಿಗೂ ತಪ್ಪದು. ಪೆಟ್ಟಿನ ಬಳಿಕ ಬೇಗನೆ ನೆಲೆಗೆ ನಿಲ್ಲುವುದೇ ಸಮಚಿತ್ತ. ಶರಣಬಂಧುಗಳೇ, ಹಿರಿಯರನ್ನು ಕೂಡಿಸಿಕೊಂಡು ಹೊರಡುವ ಮುನ್ನ ಕಾರಿನ ಮೂಲೆಯನ್ನೊಮ್ಮೆ ಒತ್ತಿ ಬಿಡಿರಿ. ಅದು ಮತ್ತೆ ಮತ್ತೆ ತೂಗಿದರೆ ತಡಮಾಡದೆ ತೋರಿಸಿರಿ.