ಚಕ್ರದ ಮೇಲಿನ ಮನೆ

ಅಮೆರಿಕದ ಅರಿಝೋನಾ ಮರುಭೂಮಿಯಲ್ಲಿ ಕ್ವಾರ್ಟ್ಝ್‌ಸೈಟ್ ಎಂಬ ಪುಟ್ಟ ಊರಿದೆ. 1856ರಲ್ಲಿ ಸೇನೆಯ ಒಂಟೆಗಳ ಜೊತೆ ಆ ದೇಶಕ್ಕೆ ಬಂದ ಹಾಜಿ ಅಲಿಯವರ ಗೋರಿ ಇರುವುದು ಇಲ್ಲೇ. ಈಗ ಪ್ರತಿ ಚಳಿಗಾಲ ಇಲ್ಲಿ ಬೀಡುಬಿಡುವುದು ಮೋಟಾರ್‌ಹೋಮ್‌ಗಳು. ಅಡುಗೆಮನೆ, ಹಾಸಿಗೆ, ಸ್ನಾನದ ಕೋಣೆ ಎಲ್ಲವೂ ಒಳಗೇ ಇರುವ ಬಸ್ಸಿನಂಥ ವಾಹನಗಳು.

ಇವು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಹಾಗಾಗಿ ಟಯರು ಸವೆಯುವ ಮೊದಲೇ ಮುದಿಯಾಗುತ್ತದೆ! ಬಿಸಿಲಿಗೆ ರಬ್ಬರು ಬಿರುಕುಬಿಡುತ್ತದೆ. ನೋಡಲು ಹೊಸದರಂತಿದ್ದ ಮುಂದಿನ ಟಯರು ಹೆದ್ದಾರಿಯಲ್ಲಿ ಸಿಡಿದರೆ ಇಡೀ ಸಂಸಾರದ ಪ್ರಾಣಕ್ಕೇ ಕುತ್ತು.

ಬಲ್ಲವರು ಕೊಳ್ಳುವಾಗ ಬೆಲೆಗಿಂತ ಮೊದಲು ಟಯರಿನ ಬದಿಯಲ್ಲಿರುವ ಡಿಒಟಿ ಸಂಕೇತದ ಕೊನೆಯ 4 ಅಂಕಿಗಳನ್ನು ನೋಡುತ್ತಾರೆ. 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು ಎಂದರ್ಥ. ಅಂಗಡಿಯಲ್ಲೇ ವರ್ಷಗಟ್ಟಲೆ ಕುಳಿತ ‘ಹೊಸ’ ಟಯರನ್ನು ಯಾರು ಕೊಳ್ಳುತ್ತಾರೆ? ಹಾಕಿಸಿ ಸ್ವಲ್ಪ ದೂರ ಓಡಿಸಿದ ಮೇಲೆ ನಟ್ಟುಗಳ ಬಿಗಿತವನ್ನೂ ಮತ್ತೊಮ್ಮೆ ಪರೀಕ್ಷಿಸುತ್ತಾರೆ.